ಮುನಿತಾಯಮ್ಮನ ಶುಕ್ರವಾರದ ಪೆಟ್ಟಿಗೆ

"ಸಿಲಿಂಡರ್ ಒಂದು ಬಿಟ್ಟು ಬೇರೆ ಏನಾದ್ರೂ ಕೇಳಮ್ಮ, ಕೊಡ್ತೀನಿ."

ಮುನಿತಾಯಮ್ಮ ಹೀಗೆ ಹೇಳುವಾಗಲೂ ಅವರ ಕೈ ನಿಂತಿರಲಿಲ್ಲ. ಕೊತ್ತಂಬರಿ ಕಟ್ಟು ಬಿಚ್ಚಿಕೊಂಡು ಕೂತಿದ್ದರು. ಎಲೆ ಸಾರಿನ ಮೇಲೆ ಉದುರಿಸುವುದಕ್ಕೆ, ದಂಟು ರುಬ್ಬುವುದಕ್ಕೆ, ಬೇರು ಕುಂಡಕ್ಕೆ. ಕಟ್ಟಿಗೆ ಸುತ್ತಿದ್ದ ಬಾಳೆನಾರು ಕೂಡ ಕಸಕ್ಕೆ ಹೋಗದೆ ಕಿಟಕಿಯ ಮೊಳೆಗೆ ಹೋಗಿ ನೇತಾಡಿತು.

"ಬ್ಯಾರೆ ಏನ್ ಕೇಳ್ಲಿ ಅಮ್ಮಾರ? ನನಗ ಬೇಕಾಗಿದ್ದ ಅದು," ಎಂದಳು ಶಿಲ್ಪಾ.

ಶಿಲ್ಪಾ ಶಿರಹಟ್ಟಿ ಕಡೆಯ ಸೊಸೆ. ಗಂಡ ಫಕೀರೇಶನಿಗೆ ಮಾಗಡಿ ರೋಡಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಗೋವಿಂದರಾಜನಗರದ ಮುನಿತಾಯಮ್ಮನ ವಠಾರಕ್ಕೆ ಬಾಡಿಗೆಗೆ ಬಂದು ಏಳು ತಿಂಗಳಾಗಿತ್ತು. ಇದೇ ಭಾನುವಾರ ಅತ್ತೆ ದುರ್ಗವ್ವ ಮೊದಲ ಸಲ ಈ ಮನೆ ನೋಡಲು ಬರುವವರಿದ್ದರು. ಜೊತೆಗೆ ಭಾವ ಮಡಿವಾಳಪ್ಪ, ಅವನ ಹೆಂಡತಿ ಮಕ್ಕಳು, ಒಟ್ಟು ಎಂಟು ಜನ. ಮನೆಯಲ್ಲಿದ್ದ ಒಂದೇ ಒಂದು ಸಿಲಿಂಡರ್ ಎತ್ತಿದರೆ ಖಾಲಿ ಬಿಂದಿಗೆಯಷ್ಟು ಹಗುರವಾಗಿತ್ತು. ಬುಕ್ ಮಾಡಿ ಹದಿನೆಂಟು ದಿನವಾಗಿದ್ದರೂ ಏಜೆನ್ಸಿಯವನ ಬಾಯಲ್ಲಿ "ಮುಂದಿನ ವಾರ ಮೇಡಂ" ಬಿಟ್ಟು ಬೇರೆ ಮಾತಿರಲಿಲ್ಲ. ಸೀಮೆಎಣ್ಣೆ ತರೋಣವೆಂದರೆ ರೇಷನ್ ಕಾರ್ಡ್ ಇನ್ನೂ ಆಗಿರಲಿಲ್ಲ.

ಹೋಟೆಲಿನಿಂದ ತರಿಸಬಹುದಿತ್ತು, ನಿಜ. ಆದರೆ ಇವರು ಬೆಂಗಳೂರಿಗೆ ಹೊರಟ ದಿನ ದುರ್ಗವ್ವ ಹತ್ತು ಜನರೆದುರು ಹೇಳಿದ್ದ ಮಾತು ಶಿಲ್ಪಾಳ ಕಿವಿಯಲ್ಲಿ ಇನ್ನೂ ಆರಿರಲಿಲ್ಲ: "ನೋಡ್ತಿರ್ರಿ, ನಾವು ಹೋದ ದಿನ ಈಕಿ ನಮಗ ಹೋಟೆಲಿನ ಕೂಳು ಹಾಕ್ತಾಳ."

ಮುನಿತಾಯಮ್ಮನ ಅಡುಗೆಮನೆಯ ಮೂಲೆಯಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು, ತುಂಬಿದ ಸಿಲಿಂಡರ್ ಒಂದು ಕೂತಿತ್ತು. ಹಿಂದೆ ಒಬ್ಬ ಬಾಡಿಗೆಯವನು ಅಂಥದೇ ಒಂದನ್ನು ಎರಡು ದಿನಕ್ಕೆಂದು ಇಸಕೊಂಡು, ಮೂರನೇ ದಿನ ಮನೆಯನ್ನೇ ಖಾಲಿ ಮಾಡಿದ್ದ. ಅಂದಿನಿಂದ ಮುನಿತಾಯಮ್ಮ ತಮ್ಮ ಸಿಲಿಂಡರನ್ನು ಯಾರಿಗೂ ಮುಟ್ಟಗೊಟ್ಟವರಲ್ಲ.

"ಇವತ್ತು ಶುಕ್ರವಾರ ಅಲ್ವಾ, ಮಧ್ಯಾಹ್ನ ಆಟಕ್ಕೆ ಬಾ," ಎಂದರು ಮುನಿತಾಯಮ್ಮ. "ಗೆದ್ದೋರು ಕೇಳಿದ್ದು ಕೊಡೋದು ನಮ್ಮ ವಠಾರದ ಪದ್ಧತಿ. ಗೆದ್ದು ಕೇಳು."

"ಸಿಲಿಂಡರ್ ಕೇಳಿದ್ರೂ ಕೊಡ್ತೀರೇನ್ರಿ?"

ಮುನಿತಾಯಮ್ಮನ ಕೈ ಆಗ ಮಾತ್ರ ಒಂದು ಗಳಿಗೆ ನಿಂತಿತು. "ಕೊಡ್ತೀನಿ. ಗೆದ್ರೆ ತಾನೆ?"

ಆ ಆಟದ ಬಗ್ಗೆ ಹೇಳಲೇಬೇಕು. ಮುನಿತಾಯಮ್ಮನ ಅಟ್ಟದಲ್ಲಿ ಏನಿದೆ ಏನಿಲ್ಲ ಎಂಬುದು ಅವರ ಮಗ ರವಿಕುಮಾರನಿಗೂ ಗೊತ್ತಿರಲಿಲ್ಲ. ಪ್ರತಿ ಶುಕ್ರವಾರ ಮೂರು ಗಂಟೆಗೆ ಅಲ್ಲಿಂದ ಒಂದೆರಡು ವಸ್ತು ಇಳಿಸಿ, ಟವೆಲ್ ಮುಚ್ಚಿಕೊಂಡು ಓಣಿಗೆ ತರುತ್ತಿದ್ದರು. ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಹೇಳಬೇಕು. ಒಬ್ಬೊಬ್ಬರಿಗೆ ಮೂರು ಸಲ ಅವಕಾಶ. ಯಾರೂ ಹೇಳದಿದ್ದರೆ, ಕೊನೆಗೆ ಹೇಳಿ ಸೋತವರು ಆ ವಸ್ತುವನ್ನು ಒಂದು ವಾರ ತಮ್ಮ ಮನೆಯಲ್ಲಿಟ್ಟು ಬಳಸಬೇಕು. ಮೇಲ್ನೋಟಕ್ಕೆ ತಮಾಷೆ. ಆದರೆ ಹೀರೇಕಾಯಿ ಸಿಪ್ಪೆ ಈ ವಠಾರದಲ್ಲಿ ಚಟ್ನಿಯಾದದ್ದು, ಹಾಲಿನ ಕವರು ತೊಳೆದ ನೀರು ಕಾಫಿಗೆ ಹೋದದ್ದು, ಕುದಿಯುವ ಪಾತ್ರೆಯ ತಟ್ಟೆಯ ಮೇಲೆ ನೀರಿಟ್ಟು ಪುಕ್ಕಟೆ ಬಿಸಿನೀರು ಮಾಡಿಕೊಂಡದ್ದು, ಎಲ್ಲ ಈ ಆಟದ ನಡುವಿನ ಮಾತುಕತೆಯಲ್ಲೇ ಕಲಿತದ್ದು.

ಅವತ್ತು ಮೊದಲು ಹೊರಬಂದದ್ದು ಅಂಗೈಯಗಲದ ಒಂದು ಪಿಂಗಾಣಿ ಬಿಲ್ಲೆ, ಅಂಚಿನಲ್ಲಿ ಸಣ್ಣ ಗೀರು. ವಠಾರದ ನಡುವಿನ ಮನೆಯ ಕಲಾ, ಹೊಲಿಗೆ ಮೆಷಿನ್ ಬಿಟ್ಟು ಎದ್ದು ಬಂದವಳು, ನೋಡಿದ ಕೂಡಲೇ ಹೇಳಿಬಿಟ್ಟಳು: "ಹಾಲಿನ ಪಾತ್ರೆ ತಳಕ್ಕೆ ಹಾಕೋದು! ಉಕ್ಕೋ ಮುಂಚೆ ಕಟಕಟ ಅಂತ ಕೂಗತ್ತೆ. ನಮ್ಮಜ್ಜಿ ಹತ್ರ ಇತ್ತು."

"ಕೇಳ್ಕೊಳೇ, ಏನು ಬೇಕು?"

"ಸಂಪಿಂದ ನಾಲ್ಕು ಬಿಂದಿಗೆ ನೀರು ಜಾಸ್ತಿ."

"ತಗೋ, ಹೋಗು."

ಆಮೇಲೆ ರವಿಕುಮಾರ ಉಸ್ಸಪ್ಪಾ ಎನ್ನುತ್ತಾ ಹೊತ್ತು ತಂದಿಟ್ಟದ್ದು ಒಂದು ಪೆಟ್ಟಿಗೆ. ಹಿಂದೆ ಟೀ ಪುಡಿ ಬರುತ್ತಿತ್ತಲ್ಲ, ಆ ಪ್ಲೈವುಡ್ಡಿನದು. ಮುಚ್ಚಳ ತೆಗೆದರೆ ಒಳಗೆಲ್ಲ ಒತ್ತಿ ತುಂಬಿದ ಒಣಹುಲ್ಲು, ಅದರ ಮೇಲೆ ಹಳೆ ಸೀರೆ ಹೊಲಿದ ಹೊದಿಕೆ, ನಡುವೆ ದುಂಡಗೆ ಒಂದು ಗುಳಿ. ಮುಚ್ಚಳದ ಒಳಗೂ ಹೊರಗೂ ದಪ್ಪ ದಿಂಬು ಬಡಿದಿತ್ತು.

"ಆಂಟಿ, ಬಳೆ ಪ್ಯಾಕ್ ಮಾಡೋದಾ? ಗಾಜಿನ ಸಾಮಾನು? ಗೌರಿ ಮೂರ್ತಿ?" ಕಲಾಳ ಮೂರೂ ಅವಕಾಶ ಒಂದೇ ಉಸಿರಿಗೆ ಮುಗಿದವು.

ಶಿಲ್ಪಾ ಪೆಟ್ಟಿಗೆಯ ಸುತ್ತ ಎರಡು ಸುತ್ತು ಬಂದಳು. ಅವಳ ಪಾಲಿಗೆ ಅದು ಪೆಟ್ಟಿಗೆಯಲ್ಲ, ಕುಂಕುಮ ಇಟ್ಟುಕೊಂಡ ಸಿಲಿಂಡರ್.

"ಕೋಳಿ ಕಾವಿಗೆ ಕೂಡಸೂದು."

ಓಣಿಯೆಲ್ಲ ನಕ್ಕಿತು. "ಕೋಳಿಗೆ ಸೀರೆ ಹೊದಿಸ್ತಾರೇನೇ!" ಎಂದಳು ಕಲಾ.

"ಕೂಸು ಮಲಗ್ಸೂದು?"

"ಮುಚ್ಚಳ ಹಾಕಿ?" ಎಂದರು ಮುನಿತಾಯಮ್ಮ.

ಉಳಿದದ್ದು ಒಂದೇ. ಶಿಲ್ಪಾ ಗುಳಿಯೊಳಗೆ ಕೈಯಿಟ್ಟಳು. ಬೆರಳಿಗೆ ಮೆತ್ತಗೆ ಬೆಚ್ಚಗೆ ಆಯಿತು. "ಬಿಸಿ ರೊಟ್ಟಿ, ಅನ್ನ ಆರದಂಗ ಇಡೂದು!"

ಮುನಿತಾಯಮ್ಮ ನಿಟ್ಟುಸಿರು ಬಿಟ್ಟರು. ಅದು ಬೇಸರದ್ದೋ ನೆಮ್ಮದಿಯದ್ದೋ ಹೇಳುವುದು ಕಷ್ಟ. "ಬಾಗಿಲ ತನಕ ಬಂದೆ ಕಣಮ್ಮ, ಒಳಗೆ ಬರಲಿಲ್ಲ. ಆರದ ಹಾಗೆ ಇಡೋದಲ್ಲ, ಬೇಯಿಸೋದು. ಒಂದು ಕುದಿ ಬರಿಸಿ ಒಳಗಿಟ್ಟುಬಿಟ್ರೆ ಉಳಿದದ್ದು ತಾನೇ ಬೇಯತ್ತೆ. ನಮ್ಮತ್ತೆ ಸೌದೆ ಇಲ್ಲದ ಕಾಲದಲ್ಲಿ ಇದರಲ್ಲೇ ಹನ್ನೆರಡು ಜನಕ್ಕೆ ಊಟ ಹಾಕಿದ್ರು."

"ಬೆಂಕಿ ಇಲ್ದ ಅನ್ನ ಆಗೂದಿದ್ರ ಊರಾಗ ಒಲಿ ಯಾಕ ಬೇಕಿತ್ರಿ?" ಶಿಲ್ಪಾಳಿಗೆ ಅಳು ಬರುವುದೊಂದು ಬಾಕಿ.

"ಅದನ್ನ ಒಂದು ವಾರ ಆದ್ಮೇಲೆ ಹೇಳು. ಸೋತಿದೀಯ, ಎತ್ಕೊಂಡು ಹೋಗು."

ಸಿಟ್ಟಿನಲ್ಲೇ ಹೊತ್ತೊಯ್ದ ಶಿಲ್ಪಾ ಶನಿವಾರ ಬೆಳಿಗ್ಗೆ ಒಂದು ಪಾವು ಅಕ್ಕಿಗೆ ಎಸರಿಟ್ಟು ನೋಡಿದಳು. ಐದು ನಿಮಿಷ ಕುದಿಸಿ, ಪಾತ್ರೆಯನ್ನು ಗುಳಿಯಲ್ಲಿ ಕೂರಿಸಿ ಮುಚ್ಚಿದಳು. ಮಧ್ಯಾಹ್ನ ತೆಗೆದರೆ ಕಾಳು ಕಾಳಾಗಿ ಅರೆಬೆಂದ ಅನ್ನ. ಕೈಗೆ ಒಂದು ಅಗುಳು ಹಾಕಿಕೊಂಡು ಮುನಿತಾಯಮ್ಮನ ಮುಂದೆ ಹಿಡಿದಳು.

ಅವರು ಅಗುಳನ್ನು ಹಿಸುಕಿದರು. "ಎಷ್ಟು ಸಲ ಮುಚ್ಚಳ ತೆಗೆದು ನೋಡಿದೆ?"

"ಮೂರ... ನಾಕ ಸಲ."

"ಇದನ್ನ ಮೊಮ್ಮಗೂನ ನೋಡೋ ಹಾಗೆ ಹೋಗಿ ಹೋಗಿ ನೋಡ್ಬಾರ್ದಮ್ಮ. ನೀನು ನೋಡಿದಾಗೆಲ್ಲ ಬೆಂಕಿ ಎದ್ದು ಹೋಗತ್ತೆ." ಆಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ಒಪ್ಪಿಸಿದರು. ಬೇಳೆ ರಾತ್ರಿಯೇ ನೆನೆಯಬೇಕು. ಚಿಕ್ಕ ಪಾತ್ರೆಗಿಂತ ತುಂಬಿದ ದೊಡ್ಡ ಪಾತ್ರೆಯೇ ಮೇಲು. ಬೇಳೆ ಕೆಳಗೆ, ಅದರ ಮೇಲೆ ಅನ್ನದ ಡಬರಿ. ಕುದಿಯುತ್ತಿರುವಾಗಲೇ ಎತ್ತಿ ಒಳಗಿಡಬೇಕು, ಎರಡು ತಾಸು ಮರೆತುಬಿಡಬೇಕು. "ಉಳಿದ ಗ್ಯಾಸೆಲ್ಲ ನಿನ್ನ ರೊಟ್ಟಿಗೆ. ನಿಮ್ಮವರಿಗೆ ರೊಟ್ಟಿ ಇಲ್ದಿದ್ರೆ ಊಟಾನೇ ಅಲ್ವಂತಲ್ಲ."

ಭಾನುವಾರ ಒಂಬತ್ತೂವರೆಗೆ ಪೆಟ್ಟಿಗೆ ಮುಚ್ಚಿತು. ಹತ್ತಕ್ಕೆ ಊರವರು ಬಂದರು. ದುರ್ಗವ್ವ ಒಳಗೆ ಕಾಲಿಟ್ಟು, ಸುತ್ತ ಕಣ್ಣಾಡಿಸಿ, ಇಡೀ ಮನೆಯಲ್ಲಿ ಎತ್ತರಕ್ಕೆ ಮೆತ್ತಗೆ ಕಂಡ ಒಂದೇ ಜಾಗ ಹುಡುಕಿ ಕೂತರು. ಪೆಟ್ಟಿಗೆಯ ಮೇಲೆ.

"ಈ ಕೂಡೂ ಮಣಿ ಛಲೋ ಐತಿ ನೋಡವಾ. ಬಸ್ಸಿನ್ಯಾಗ ಕುಂತು ಸೊಂಟ ಹಿಡದಿತ್ತು."

ಊರಿನಿಂದ ಬಂದ ಅತ್ತೆಗೆ, ಅದೂ ಕೂತ ಮೇಲೆ, ಏಳಿರಿ ಎನ್ನುವುದುಂಟೆ? ಹಾಗೆಂದ ಸೊಸೆಯ ಹೆಸರು ಶಿರಹಟ್ಟಿಯಲ್ಲಿ ಮೂರು ತಲೆಮಾರು ಉಳಿಯುತ್ತದೆ. ಮುಚ್ಚಳ ಎತ್ತಿ ನೋಡುವ ಶಿಲ್ಪಾಳ ಆಸೆಯಂತೂ ಅಲ್ಲಿಗೇ ಮುಗಿಯಿತು. ರೊಟ್ಟಿ ಬಡಿಯಲು ಕೂತಳು. ಒಂದು ರೊಟ್ಟಿ ಹಂಚಿಗೆ ಹಾಕುವುದು, ಒಂದು ಸಲ ಒಲೆಯ ನೀಲಿ ಉರಿ ನೋಡುವುದು. ಉರಿ ಗಿಡ್ಡವಾದಂತೆ ಕಂಡಾಗಲೆಲ್ಲ ಅವಳು ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು.

ಹನ್ನೆರಡು ದಾಟಿತು. ಮೂವತ್ತು ರೊಟ್ಟಿ ಪೇರಿಸಿಟ್ಟಾಗಿತ್ತು. ದುರ್ಗವ್ವ ಕೂತಲ್ಲಿಂದಲೇ ಅಡುಗೆಮನೆಯತ್ತ ಕತ್ತು ಚಾಚಿದರು. "ಅನ್ನಕ್ಕ ಇನ್ನೂ ಎಸರ ಇಟ್ಟಿಲ್ಲೇನ?"

"ಆಗೇತ್ರಿ ಅತ್ತಿ."

"ಆಗೇತಿ? ಎಲ್ಲೈತಿ? ಒಲಿ ಮ್ಯಾಲ ಹಂಚು ಬಿಟ್ರ ಏನೂ ಕಾಣವಲ್ದು."

ಬಾಗಿಲಲ್ಲಿ ಹೀರೇಕಾಯಿ ಸಿಪ್ಪೆ ಚಟ್ನಿಯ ಬಟ್ಟಲು ಹಿಡಿದು ಮುನಿತಾಯಮ್ಮ ನಿಂತಿದ್ದರು. ಪರಿಸ್ಥಿತಿ ಒಂದೇ ನೋಟಕ್ಕೆ ಅವರಿಗೆ ತಿಳಿಯಿತು. "ನೀವೇ ಹೇಳಿ ನೋಡೋಣ, ಅನ್ನ ಎಲ್ಲಿದೆ ಅಂತ. ಮೂರು ಸಲ ಹೇಳ್ಬೋದು, ನಮ್ಮ ವಠಾರದ ಪದ್ಧತಿ."

ದುರ್ಗವ್ವ ಬಿಡುವ ಹೆಂಗಸಲ್ಲ. "ನಿಮ್ಮ ಮನ್ಯಾಗ."

"ಇಲ್ಲ."

"ಮಾಳಗಿ ಮ್ಯಾಲ."

"ಇಲ್ಲ."

"ಹಂಗಾದ್ರ ಹೋಟೆಲಿನ್ಯಾಗ! ನಾ ಅಂದಿದ್ದಿಲ್ಲೇನ ಮಡಿವಾಳಪ್ಪ?"

"ಮೂರೂ ತಪ್ಪು. ಸ್ವಲ್ಪ ಎದ್ದೇಳಿ ತಾಯಿ, ನೀವು ಕೂತಿರೋದೇ ಅನ್ನದ ಮೇಲೆ."

ದುರ್ಗವ್ವ ಕೆಂಡದ ಮೇಲಿಂದ ಎದ್ದಂತೆ ಎದ್ದರು. ಶಿಲ್ಪಾ ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ಬಡಿಯಿತು. ಮಲ್ಲಿಗೆ ಮೊಗ್ಗಿನಂಥ ಅನ್ನ. ಕೆಳಗಿನ ಪಾತ್ರೆಯಲ್ಲಿ ಬೇಳೆ ಬೆರಳಿಗೆ ಸಿಕ್ಕರೆ ಕರಗುವಷ್ಟು ಬೆಂದಿತ್ತು. ಅದಕ್ಕೊಂದು ಒಗ್ಗರಣೆ ಬಿದ್ದದ್ದೇ ತಡ, ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತವು.

ದುರ್ಗವ್ವ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಊಟವಾದ ಮೇಲೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹುಲ್ಲು ಒತ್ತಿ ನೋಡಿ, ಹೊಲಿಗೆ ಎಣಿಸಿ, ಸೊಸೆಯನ್ನು ಕರೆದರು.

"ಇದನ್ನ ಮಾಡೂದು ನನಗ ಹೇಳಿಕೊಡ್ತಿಯೇನ?"

"ಅಮ್ಮಾರನ್ನ ಕೇಳ್ರಿ ಅತ್ತಿ, ಇದು ಅವರದು."

"ಪೆಟಗಿ ಅವರದಿರಬೇಕು. ಅನ್ನ ಮಾಡಿದಾಕಿ ನೀನಲ್ಲೇನ? ನೀನ ಹೇಳು."

"ಹೇಳ್ತೇನ್ರಿ. ಮೊದ್ಲ ಚಾ ಕುಡೀರಿ."

ಶಿಲ್ಪಾ ಒಳಗೆ ಹೋಗಿ ಹತ್ತು ಲೋಟಕ್ಕಾಗುವಷ್ಟು ಚಹಾ ಇಟ್ಟಳು. ಚಹಾ ಮೂರು ಸಲ ಉಕ್ಕಿ ಬಂತು. ಉರಿ ಗಿಡ್ಡವಾಗಿ ಉರಿಯುತ್ತಲೇ ಇತ್ತು. ಅದು ತಾನಾಗಿ ಆರಲಿಲ್ಲ. ಶಿಲ್ಪಾ ಕೈಚಾಚಿ ಒಲೆಯ ನಾಬ್ ತಿರುಗಿಸಿ ತಾನೇ ಆರಿಸಿ, ಬಟ್ಟೆ ಹಿಡಿದು ಪಾತ್ರೆ ಇಳಿಸಿದಳು.