ಬದರಿನಾಥನ ಮೈಲೇಜು

ಬದರಿನಾಥನ ಹಳೆಯ ಡೀಸೆಲ್ ಮನೆಗಾಡಿಗೆ ಇದ್ದದ್ದು ಒಂದೇ ದೋಷ, ಹೊಗೆ. ಸೋರುವ ಚಾವಣಿ, ಅರ್ಧ ಮಾತ್ರ ಮುಚ್ಚುವ ಬಾಗಿಲು, ಒಲೆ ಹಚ್ಚಿದರೆ ಆರುವ ದೀಪ, ಇವನ್ನೆಲ್ಲ ಅವನು ದೋಷದ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ವಾಹನ ತಪಾಸಣಾ ಕೇಂದ್ರದ ಇನ್‌ಸ್ಪೆಕ್ಟರ್ ಮಹಾಶಯ ಹೊಗೆಯೊಂದನ್ನೇ ಹಿಡಿದು ಕೂತ. ಹೊಗೆಕೊಳವೆಗೆ ಯಂತ್ರ ಸಿಕ್ಕಿಸಿ, ಎಕ್ಸಲರೇಟರ್ ಒತ್ತಿ, ಕೆಮ್ಮಿ ಮುಗಿಸಿ "ಫೇಲ್" ಎಂದ. ಇಂಜಿನ್ ತಣ್ಣಗಿದೆ, ಚೆನ್ನಾಗಿ ಓಡಿಸಿ ಬಿಸಿ ಮಾಡಿಕೊಂಡು ಬನ್ನಿ, ತಿಂಗಳೊಳಗೆ ಪಾಸಾಗದಿದ್ದರೆ ಗಾಡಿ ರಸ್ತೆಗಿಳಿಯುವಂತಿಲ್ಲ ಎಂದು ಹವಾಮಾನ ವರದಿ ಓದುವವನ ದನಿಯಲ್ಲಿ ಹೇಳಿದ.

ಹೋದರೆ ಹೋಗಲಿ ಎನ್ನಬಹುದಿತ್ತು. ಹೆಂಡತಿ ಸುಲೋಚನಾ ಗಾಡಿ ಕೊಂಡ ದಿನದಿಂದಲೂ ಹಾಗೇ ಅನ್ನುತ್ತಿದ್ದಳು. ಆದರೆ ವಿಷಯ ಗಾಡಿಯದಲ್ಲ, ಮಗಳು ಇಶಾಳದು. ಶಾಲೆ ಮುಗಿಸಿದ ಹುಡುಗಿ ಆಗಸ್ಟ್ ಕೊನೆಗೆ ಲುಂಡ್‌ಗೆ ಓದಲು ಹೊರಟಿದ್ದಳು. ಅಷ್ಟರೊಳಗೆ ಮೂವರೂ ಮನೆಗಾಡಿಯಲ್ಲಿ ಉತ್ತರದ ಅಬಿಸ್ಕೊವರೆಗೆ ಹೋಗಿಬರಬೇಕೆಂಬುದು ಬದರಿನಾಥನ ಆಸೆ. ಇಶಾಳಿಗೋ ಗೆಳತಿಯರ ಜೊತೆ ಗಾಟ್‌ಲೆಂಡ್ ದ್ವೀಪಕ್ಕೆ ಹೋಗುವ ಆಸೆ. ಅಪ್ಪ ಬೆನ್ನು ಬಿಡದೆ ಕಾಡಿದಾಗ "ಗಾಡಿ ಪಾಸಾದ್ರೆ ಬರ್ತೀನಿ, ಆಯ್ತಾ?" ಎಂದಿದ್ದಳು. ಪಾಸಾಗುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು. ಬದರಿನಾಥನಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನೇ ನೆಚ್ಚಿಕೊಂಡಿದ್ದ, ಪಾಪ.

ಗಡುವಿನ ಕೊನೆಯ ದಿನ ಸುಲೋಚನಾಗೆ ಆಫೀಸಿತ್ತು. "ಕೆಟ್ಟು ನಿಂತ್ರೆ ತಳ್ಳೋಕಾದ್ರೂ ಒಬ್ರು ಬೇಕಲ್ಲ" ಎಂದು ಮಗಳನ್ನು ಜೊತೆಗೆ ಅಟ್ಟಿದಳು. ಇಂಜಿನ್ ಬಿಸಿಯಾಗಲೆಂದು ಬದರಿನಾಥ ವೆಟ್ಟರ್ನ್ ಸರೋವರದ ದಂಡೆಯ ಹೆದ್ದಾರಿ ಹಿಡಿದ. ಓಡಿಸುವುದು ಮಾತ್ರ ಅವನದೇ ರೀತಿ. ಬೆಂಗಳೂರಿನಲ್ಲಿ ಡ್ರೈವಿಂಗ್ ಕಲಿತವನು, ಮೈಲೇಜೆಂದರೆ ಪ್ರಾಣ. ಗಾಡಿ ಸರಿಯಾಗಿ ಉಸಿರು ತೆಗೆಯುವ ಮೊದಲೇ ಟಾಪ್ ಗೇರ್. ಎಕ್ಸಲರೇಟರ್ ಮೇಲೆ ಕಾಲಿಟ್ಟನೋ ಇಲ್ಲವೋ ಎಂಬಂತೆ. ಇಳಿಜಾರು ಬಂತೋ, ನ್ಯೂಟ್ರಲ್. ಹಿಂದಿನ ಲಾರಿ ಲೈಟು ಮಿಣುಕಿಸಿತು. ಪಕ್ಕದಲ್ಲೇ ದಾಟಿಹೋದ ಬಸ್ಸಿನವನು ಇವರತ್ತ ಮರುಕದಿಂದ ನೋಡಿದ.

"ಅಪ್ಪಾ, ಏನ್ ಮಾಡ್ತಿದೀಯ?" ಇಶಾ ಫೋನಿನಿಂದ ತಲೆ ಎತ್ತಿದಳು.

"ಇಂಜಿನ್ ಬಿಸಿ ಮಾಡ್ತಿದೀನಿ."

"ನ್ಯೂಟ್ರಲ್‌ನಲ್ಲಾ?"

"ಇಳಿಜಾರಲ್ವೇನಮ್ಮಾ? ಸುಮ್ನೆ ಯಾಕೆ ಡೀಸೆಲ್ ಸುಡೋದು? ಇದನ್ನೆಲ್ಲ ನಿಮ್ಮ ಡ್ರೈವಿಂಗ್ ಸ್ಕೂಲಲ್ಲಿ ಹೇಳ್ಕೊಡಲ್ಲ."

ಇಶಾ ಮೀಟರಿನತ್ತ ಬಾಗಿದಳು. ಬಿಸಿ ತೋರಿಸುವ ಮುಳ್ಳು ಇನ್ನೂ ತಳದಲ್ಲೇ ಮಲಗಿತ್ತು.

"ಎಕ್ಸಲರೇಟರನ್ನ ಯಾವತ್ತಾದ್ರೂ ಫುಲ್ ಪ್ರೆಸ್ ಮಾಡಿದೀಯಾ?"

"ಛೆ ಛೆ! ಗಾಡೀನ ಮಗು ಥರ ನೋಡ್ಕೊಂಡಿದೀನಿ."

"ಅದಕ್ಕೇ ಅಪ್ಪಾ! ಒಳಗೆಲ್ಲ ಮಸಿ ಕಟ್ಕೊಂಡಿರೋದು. ಗಾಡಿ ಕೆಟ್ಟಿಲ್ಲ, ನೀನು ಓಡ್ಸೋದು ಹಾಗಿದೆ."

ಬದರಿನಾಥನ ಮುಖ ಸಪ್ಪಗಾಯಿತು. ಇಷ್ಟು ವರ್ಷ ಅವನು ಹೆಮ್ಮೆ ಪಟ್ಟುಕೊಂಡಿದ್ದ ವಿದ್ಯೆ ಅದು. ಇಶಾ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಅವಳು ಬಾಯಿ ಮುಚ್ಚಿಕೊಂಡು ಫೋನಿಗೆ ಮರಳಿದ್ದರೆ ಸಾಕಿತ್ತು, ಗಾಟ್‌ಲೆಂಡ್ ಅವಳದಾಗುತ್ತಿತ್ತು. ಅದು ಬದರಿನಾಥನಿಗೂ ಹೊಳೆದಿತ್ತು.

"ಮುಂದೆ ಎಲ್ಲಾದ್ರೂ ನಿಲ್ಸು. ನಾನು ಓಡಿಸ್ತೀನಿ."

ಹುಡುಗಿ ಮುಂದಿನ ಕ್ರಾಸಿನಲ್ಲಿ ಗಾಡಿ ತಿರುಗಿಸಿ, ಈಗಷ್ಟೇ ಇಳಿದುಬಂದ ದಿಬ್ಬಕ್ಕೆ ಮೂರನೇ ಗೇರಿನಲ್ಲಿ ನುಗ್ಗಿಸಿ, ಎಕ್ಸಲರೇಟರನ್ನು ನೆಲಕ್ಕೆ ತುಳಿದಳು. ಗಾಡಿ ಅರಚಿಕೊಂಡಿತು. ಹಿಂದೆ ಕಪಾಟಿನ ತಟ್ಟೆಗಳೆಲ್ಲ ಬಿದ್ದವು. ಕನ್ನಡಿಯಲ್ಲಿ ರಸ್ತೆ ಕಾಣಲಿಲ್ಲ, ಕರಿಮೋಡ ಕಂಡಿತು.

"ಅಯ್ಯಯ್ಯೋ, ಗೇರ್ ಹಾಕೇ! ಫೋರ್ತ್! ಫೋರ್ತ್!"

"ಊಹೂಂ."

"ಇಂಜಿನ್ ಹೋಗುತ್ತೆ ಕಣೇ!"

"ಹೋಗಲ್ಲ, ಸುಮ್ನಿರು."

ಸುಮ್ಮನಿರುವುದು ಹೇಗೆ? ಸುಡುತ್ತಿದ್ದ ಡೀಸೆಲಿನ ಒಂದೊಂದು ಹನಿಗೂ ಅವನ ಕರುಳು ಚುರುಕ್ ಅನ್ನುತ್ತಿತ್ತು. ಎರಡನೆಯ ಸಲ ದಿಬ್ಬ ಹತ್ತುವಾಗ ಮೋಡ ಬೂದು ಬಣ್ಣಕ್ಕೆ ತಿರುಗಿತು. ಆಮೇಲಿನ ಸಲ ಕಾಣಲೇ ಇಲ್ಲ. ಮುಳ್ಳು ನಡುಮಧ್ಯಕ್ಕೆ ಬಂದು ನಿಂತಿತು. ಗಾಡಿ ನಾಚಿಕೆಯಿಲ್ಲದೆ ಮೊದಲಿಗಿಂತ ಚೆನ್ನಾಗಿ ಓಡತೊಡಗಿತು.

ತಪಾಸಣಾ ಕೇಂದ್ರದಲ್ಲಿ ಅದೇ ಇನ್‌ಸ್ಪೆಕ್ಟರ್. ಅವನು ಈ ಸಲ ಮೊದಲೇ ಮಾಸ್ಕ್ ಹಾಕಿಕೊಂಡಿದ್ದ. ಎಕ್ಸಲರೇಟರ್ ತುಳಿದ, ಪರದೆ ನೋಡಿದ, ಮತ್ತೆ ತುಳಿದ, ಮತ್ತೆ ನೋಡಿದ. ಮಾಸ್ಕ್ ಕೆಳಗಿಳಿಸಿದ.

"ಪಾಸ್. ಏನು ರಿಪೇರಿ ಮಾಡಿಸಿದಿರಿ?"

"ಡ್ರೈವರನ್ನು ಬದಲಾಯಿಸಿದೆವು," ಇಶಾ ಸ್ವೀಡಿಷಿನಲ್ಲಿ ಹೇಳಿದಳು.

ಅವನು ನಗಲಿಲ್ಲ. ಒಳ್ಳೆಯದಾಯಿತು ಎಂದು ತಲೆಯಾಡಿಸಿ, ಕೀಯನ್ನು ಬದರಿನಾಥನ ಕೈಗಿತ್ತು ತನ್ನ ವಿರಾಮದ ಕಾಫಿಗೆ ಹೊರಟುಹೋದ.

ಹೊರಗೆ ಬಂದು ನಿಂತಾಗ ಬದರಿನಾಥನಿಗೆ ಸಂತೋಷದ ಜೊತೆಗೇ ಏನೋ ಕಸಿವಿಸಿ. ಮಗಳನ್ನು ಮಾತಿಗೆ ಕಟ್ಟಿಹಾಕಿ ಕರೆದೊಯ್ಯುವುದು ಅವನಿಗೆ ಬೇಡವಾಗಿತ್ತು. ಅವಳು ಬರದಿರುವುದೂ ಬೇಡವಾಗಿತ್ತು.

"ಪುಟ್ಟಾ, ಪಾಸಾಯ್ತು ಅಂತ ನೀನು ಬರ್ಲೇಬೇಕು ಅಂತೇನಿಲ್ಲ. ಫ್ರೆಂಡ್ಸ್ ಜೊತೆ ಹೋಗೋದಿದ್ರೆ ಹೋಗು." ಹೇಳಿದ್ದೇ ತಡ, ಅವಳು ಸರಿ ಎಂದುಬಿಟ್ಟರೆ ಏನು ಗತಿ ಎಂದು ಭಯವಾಯಿತು.

ಇಶಾ ಕೈ ಚಾಚಿದಳು. "ಕೀ ಕೊಡು. ಅಬಿಸ್ಕೊವರೆಗೂ ನಾನೇ ಓಡಿಸ್ತೀನಿ. ನೀನು ಓಡಿಸಿದ್ರೆ ಅಲ್ಲಿಗೆ ತಲುಪೋಷ್ಟರಲ್ಲಿ ಆಗಸ್ಟ್ ಮುಗಿದಿರುತ್ತೆ."

ಮುಗಿದರೆ ಮುಗಿಯಲಿ ಎಂದು ಬದರಿನಾಥನಿಗೆ ಅನ್ನಿಸಿತು. ಕೀ ಕೊಟ್ಟು, ಆಚೆ ಕಡೆಯಿಂದ ಹತ್ತಿ ಕೂತ.