ಹದಿನೇಳನೇ ಪ್ರತಿ

ಪರ್ಸಿಮನ್ ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ ಅರಾಕ್ಸಿ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಕಣ್ಣೇನೂ ಮೋಸ ಮಾಡಿರಲಿಲ್ಲ. ಟಿವಿ ಧಾರಾವಾಹಿಯ ಅಭಿಮಾನಿಗಳ ವೆಬ್‌ಸೈಟಿನಿಂದ ಮುದ್ರಿಸಿ ತಂದ ಹಾಳೆಯಲ್ಲಿ ಅದು ಸ್ಪಷ್ಟವಾಗಿತ್ತು: ‘ಮುಂದಿನ ತಿಂಗಳು ಮುದುಕ ಆರಿನ್ ಸಾಯುತ್ತಾನೆ. ಉಪ್ಪು ಮಂಡಳಿಯವರು ವಿಷ ಹಾಕುತ್ತಾರೆ. ಅವನ ಕೈಯಲ್ಲಿ ಅರ್ಧ ಕಚ್ಚಿದ ಪರ್ಸಿಮನ್ ಹಣ್ಣು ಇರುತ್ತದೆ.’

ಅವಳು ಡ್ರಾಯರಿನ ಬೀಗ ತೆಗೆದು ಪಟ್ಟಿಯನ್ನು ಹೊರಗೆಳೆದಳು. ಚಿತ್ರಕಥೆಯ ಇಪ್ಪತ್ತನಾಲ್ಕು ಪ್ರತಿ, ಇಪ್ಪತ್ತನಾಲ್ಕು ಹಣ್ಣು. ಗುಟ್ಟು ಹೊರಗೆ ಬಿಡುತ್ತಿರುವವರು ಯಾರೆಂದು ಹಿಡಿಯಲು ನಿರ್ಮಾಪಕ ಕರ್ಟಿಸ್ ಹೂಡಿದ ಉಪಾಯ ಅದು. ಆರಿನ್ ಸಾಯುವಾಗ ಅವನ ಕೈಯಲ್ಲಿರುವ ಹಣ್ಣು ಒಬ್ಬೊಬ್ಬರ ಪ್ರತಿಯಲ್ಲಿ ಒಂದೊಂದು. ಒಬ್ಬರಿಗೆ ಪೇರಳೆ, ಒಬ್ಬರಿಗೆ ಅಂಜೂರ, ಒಬ್ಬರಿಗೆ ದಾಳಿಂಬೆ. ಕೊನೆಕೊನೆಗೆ ಹಣ್ಣಿನ ಹೆಸರುಗಳೇ ಸಾಲದೆ ಅರಾಕ್ಸಿ ಅಂಗಡಿಗೆ ಹೋಗಿ, ಬುಟ್ಟಿಗಳ ಮುಂದೆ ನಿಂತು, ಹೆಸರು ಬರೆದುಕೊಂಡು ಬಂದಿದ್ದಳು. ಪರ್ಸಿಮನ್ ಮಾತ್ರ ಹುಡುಕಬೇಕಾಗಿರಲಿಲ್ಲ. ಗ್ಲೆಂಡೇಲಿನ ಅವಳ ಮನೆಯ ಹಿತ್ತಲಲ್ಲೇ ಅಪ್ಪ ನೆಟ್ಟ ಮರವಿತ್ತು.

ಬೆರಳು ಪಟ್ಟಿಯ ಮೇಲೆ ಇಳಿಯುತ್ತಾ ಹೋಗಿ ಹದಿನೇಳರಲ್ಲಿ ನಿಂತಿತು. ಹೊರೇಸ್ ಪ್ರೂಯಿಟ್.

ಹೊರೇಸ್ ಅಂದರೆ ಆರಿನ್ ಪಾತ್ರ ಮಾಡುವವನೇ. ಅರವತ್ತೆಂಟು ವರ್ಷದ ಸಂಭಾವಿತ. ಈ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ರಾಕ್ಸಿ ಎಂದು ಕತ್ತರಿಸಿಟ್ಟಿದ್ದರೆ, ಅರಾಕ್ಸಿ ಎಂದು ಪೂರ್ತಿ ಕರೆಯುತ್ತಿದ್ದವನು ಅವನೊಬ್ಬನೇ.

ಧಾರಾವಾಹಿ ಶುರುವಾಗಿ ಐದು ವರ್ಷವಾಗಿತ್ತು. ಮೊದಲ ವರ್ಷ ಇದ್ದದ್ದು ಎರಡೇ ಸಂಸ್ಥೆ: ಗೂಢಚಾರರದು ‘ಗ್ರಂಥಾಲಯ’, ದುಷ್ಟರದು ‘ಉಪ್ಪು ಮಂಡಳಿ’. ಎರಡನೇ ವರ್ಷ ಉಪ್ಪು ಮಂಡಳಿಯ ಒಳಗೊಂದು ‘ಹನ್ನೊಂದು ಕಿಟಕಿ’ ಹುಟ್ಟಿತು. ಮೂರನೇ ವರ್ಷ ಗ್ರಂಥಾಲಯವನ್ನು ನಡೆಸುತ್ತಿದ್ದದ್ದೇ ಹನ್ನೊಂದು ಕಿಟಕಿ ಎಂದಾಯಿತು. ಈಗ ಒಟ್ಟು ಎಂಟು, ಒಂದರ ಹೊಟ್ಟೆಯಲ್ಲಿ ಇನ್ನೊಂದು. ಯಾರು ಯಾರಿಗೆ ದ್ರೋಹ ಮಾಡಿದ್ದಾರೆ ಎಂಬುದು ಬರೆದವರಿಗೇ ಮರೆತುಹೋಗಿ, ಅರಾಕ್ಸಿಯ ಬಾಗಿಲಿಗೆ ಬಂದು ಕೇಳುತ್ತಿದ್ದರು. ಪ್ರತಿ ತಿದ್ದುವುದು, ಸಂಖ್ಯೆ ಹಾಕುವುದು, ಕೆಂಪು ಹಾಳೆಯಲ್ಲಿ ಮುದ್ರಿಸಿ ಹಂಚುವುದು, ವಾರದ ನಂತರ ವಾಪಸು ಪಡೆದು ಚೂರುಚೂರು ಮಾಡುವುದು ಅವಳ ಕೆಲಸ. ಅವಳಿಗೂ ಐವತ್ತೊಂದು ತುಂಬಿತ್ತು. ಈ ವಯಸ್ಸಿನಲ್ಲಿ ಈ ಊರಿನಲ್ಲಿ ಕೆಲಸ ಹೋದರೆ ಇನ್ನೊಂದು ಕರೆದು ಕೊಡುವವರಿಲ್ಲ.

ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಯಾರ ಪಾತ್ರವನ್ನಾದರೂ ಸಾಯಿಸುವುದಿದ್ದರೆ ಕರ್ಟಿಸ್ ಅವರನ್ನು ಮೊದಲು ಊಟಕ್ಕೆ ಕರೆದೊಯ್ಯುತ್ತಿದ್ದ. ಅವನ ಹಸಿರು ಕಾರಿನಲ್ಲಿ, ಗೇಟಿನಿಂದ ಎಡಕ್ಕೆ ತಿರುಗಿ, ನದಿಯ ಪಕ್ಕದ ಇಟಾಲಿಯನ್ ಹೋಟೆಲಿಗೆ. ಬೇರೆ ಯಾವ ಕಾರಣಕ್ಕೂ ಅವನು ಯಾರಿಗೂ ಊಟ ಹಾಕಿಸಿದವನಲ್ಲ. ‘ಬನ್ನಿ, ಊಟಕ್ಕೆ ಹೋಗೋಣ’ ಎಂದು ಅವನು ಅಂದರೆ ಎಂಥ ಗಟ್ಟಿ ನಟನ ಮುಖವೂ ಬಿಳಿಚಿಕೊಳ್ಳುತ್ತಿತ್ತು. ಊಟ ಮೊದಲು, ಕೆಂಪು ಪ್ರತಿ ಆಮೇಲೆ. ಹೊರೇಸನ ವಿಷಯದಲ್ಲಿ ಅದು ತಲೆಕೆಳಗಾಯಿತು. ಕರ್ಟಿಸ್‌ಗೆ ಹಲ್ಲುನೋವು ಬಂದು ಊಟ ಮುಂದಕ್ಕೆ ಹೋಗಿತ್ತು. ಅರಾಕ್ಸಿ ವಿಚಾರಿಸದೆ ಶುಕ್ರವಾರ ಪ್ರತಿ ಕಳಿಸಿಬಿಟ್ಟಿದ್ದಳು. ತಾನು ಸಾಯುವುದನ್ನು ಹೊರೇಸ್ ತನ್ನ ಅಡುಗೆಮನೆಯ ಮೇಜಿನ ಮೇಲೆ, ಐವತ್ತೆರಡನೇ ಪುಟದಲ್ಲಿ ಓದಿದ್ದ. ಆ ತಪ್ಪು ಪೂರ್ತಿ ಅವಳದು.

ಹನ್ನೊಂದಕ್ಕೆ ಕರ್ಟಿಸ್ ಬಂದ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಅದನ್ನು ಅವಳ ಮೇಜಿನ ಮೇಲೆ ಮಗುಚಿದ. ಹೋಟೆಲುಗಳಲ್ಲಿ ಕೊಡುವ ಪುಟ್ಟ ಉಪ್ಪಿನ ಪೊಟ್ಟಣಗಳು, ನೂರಾರು.

“ನೋಡು ರಾಕ್ಸಿ ಹುಚ್ಚರನ್ನ! ಆರಿನ್‌ನ ಸಾಯಿಸಬೇಡಿ ಅಂತ ಟಪಾಲಲ್ಲಿ ಉಪ್ಪು ಕಳಿಸ್ತಿದಾರೆ. ಕೆಳಗೆ ಇನ್ನೂ ಆರು ಪೆಟ್ಟಿಗೆ ಇದೆ.”

“ಹಾಗಾದ್ರೆ ಸಾಯಿಸಲ್ವಾ?”

“ಯೋಚನೆ ಮಾಡ್ತಿದೀವಿ. ವಿಷ ಕುಡಿದ ಹಾಗೆ ನಾಟಕ ಆಡಿದ, ನಿಜವಾಗಿ ಅವನು ಹನ್ನೊಂದು ಕಿಟಕಿಯವನು ಅಂತ ಮಾಡಿದ್ರೆ ಇನ್ನೊಂದು ವರ್ಷ ಎಳೀಬಹುದು. ಚಾನಲ್‌ನವರೂ ಖುಷಿಯಾಗಿದಾರೆ. ಸಾಯ್ತಾನೋ ಇಲ್ವೋ ಅಂತ ಊರೆಲ್ಲ ಮಾತಾಡ್ತಿದೆಯಂತೆ.” ಒಂದು ಪೊಟ್ಟಣ ಹರಿದು ನಾಲಿಗೆಗೆ ಹಾಕಿಕೊಂಡ. “ಆದ್ರೆ ಬಾಯಿ ಬಿಟ್ಟೋರು ಯಾರು ಅಂತ ಮೊದಲು ಗೊತ್ತಾಗಬೇಕು. ಮುದುಕನೇ ಅಂತಾದ್ರೆ ಇವತ್ತೇ ಗೇಟಿನಾಚೆ. ಹಣ್ಣು ಸಿಕ್ತಾ?”

“ಹುಡುಕ್ತಿದೀನಿ.”

“ಪಟ್ಟಿ ನನಗೆ ತೋರಿಸಬೇಡ, ಹೆಸರು ಹೇಳು ಸಾಕು. ಹನ್ನೆರಡು ಗಂಟೆಗೆ ವಕೀಲರು ಕೂತಿರ್ತಾರೆ. ನನಗೇನೋ ಮೇಕಪ್‌ನ ಆ ಪಿಲಾರ್ ಮೇಲೇ ಅನುಮಾನ. ಸಿಗದೇ ಹೋದ್ರೆ ಅವಳನ್ನ ಕಳಿಸಿಬಿಡೋದು.”

“ಪಿಲಾರ್ ಏನು ಮಾಡಿದ್ಲು ಪಾಪ?”

“ಅವಳು ಮಾತಾಡೋದು ಜಾಸ್ತಿ” ಎಂದು ಹೇಳಿ ಹೊರಟುಹೋದ. ಪಟ್ಟಿ ಕಳೆದುಹೋಯಿತು ಎಂದು ಹೇಳಿ ಜಾರಿಕೊಳ್ಳೋಣವೆಂದು ಅರಾಕ್ಸಿ ಯೋಚಿಸಿದ್ದಳು. ಆ ದಾರಿಯೂ ಮುಚ್ಚಿತು.

ಅವಳು ಉಪ್ಪನ್ನು ಪೆಟ್ಟಿಗೆಗೆ ತುಂಬುತ್ತಿರುವಾಗ ಹೊರೇಸ್ ಬಾಗಿಲಲ್ಲಿ ನಿಂತಿದ್ದ. ವಾರ ಮುಗಿದಿತ್ತಲ್ಲ, ಕೆಂಪು ಪ್ರತಿ ವಾಪಸು ತಂದಿದ್ದ. ಲಕೋಟೆಯನ್ನು ಮೇಜಿನ ಮೇಲಿಟ್ಟು ಕೂತ. ಅವಳು ಅದನ್ನು ಮುಟ್ಟಲಿಲ್ಲ.

“ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ ಅರಾಕ್ಸಿ. ಸಿಕ್ಕಿಬಿದ್ದೆ ಅಲ್ವಾ ನಾನು?”

“ನಿಮ್ಮ ಪ್ರತಿಯಲ್ಲಿ ಮಾತ್ರ ಪರ್ಸಿಮನ್ ಇತ್ತು ಹೊರೇಸ್. ಬೇರೆಯವರಿಗೆಲ್ಲ ಬೇರೆ ಬೇರೆ ಹಣ್ಣು.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಸದ್ದಿಲ್ಲದೆ ನಕ್ಕ. “ಐದು ವರ್ಷದಿಂದ ಗೂಢಚಾರ ನಾನು. ಬಾಂಬು ಹಾಕಿದ್ರೂ ಸಾಯಲಿಲ್ಲ, ರೈಲಿಂದ ದಬ್ಬಿದ್ರೂ ಸಾಯಲಿಲ್ಲ. ಕೊನೆಗೆ ಒಂದು ಹಣ್ಣು ಹಿಡಿದುಕೊಡ್ತಲ್ಲಪ್ಪಾ!”

“ಯಾಕೆ ಮಾಡಿದ್ರಿ?”

“ನನ್ನ ಹೆಂಡತಿ ಮಾರ್ಜರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ವರ್ಷದಲ್ಲಿ ಇಷ್ಟು ದಿನ ಅಂತ ನಾನು ಕೆಲಸ ಮಾಡಿದ್ರೆ ಮಾತ್ರ ಯೂನಿಯನ್ನಿನ ವಿಮೆ. ಒಂಬತ್ತು ದಿನ ಕಮ್ಮಿ ಬಿದ್ದಿದೆ. ಇನ್ನೊಂದು ಕಂತು ಬದುಕಿದ್ರೆ ಸಾಕಿತ್ತು, ಆಮೇಲೆ ಏನು ಬೇಕಾದ್ರೂ ಕುಡಿಸ್ಲಿ.” ಅವನು ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡ. “ಈ ವಯಸ್ಸಿಗೆ ಹೊಸ ಪಾತ್ರ ಯಾರು ಕೊಡ್ತಾರೆ? ಜನ ಗಲಾಟೆ ಮಾಡಿದ್ರೆ ಉಳಿಸ್ಕೋತಾರೇನೋ ಅಂದ್ಕೊಂಡೆ. ಬುದ್ಧಿ ಓಡಿದ್ದು ಅಷ್ಟೇ.”

“ನಾನು ಪ್ರತಿ ಕಳಿಸಬಾರದಿತ್ತು. ಊಟ ಆಗಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ.”

“ಒಳ್ಳೇದೇ ಆಯ್ತು ಬಿಡಿ. ಆ ಹೋಟೆಲಿನ ಸಾರು ಬರೀ ಉಪ್ಪು ಅಂತೆ.” ಅವನು ಎದ್ದ. “ಪಿಲಾರ್ ಹೆಸರು ಕಿವಿಗೆ ಬೀಳ್ತಾ ಇದೆ. ಅವಳಿಗೆ ತೊಂದರೆ ಆಗಬಾರದು. ನೀವು ನನ್ನ ಹೆಸರೇ ಹೇಳಿ. ನಿಮ್ಮ ಕೆಲಸ ಅದು, ನನಗೆ ಬೇಜಾರಿಲ್ಲ.”

ಹಾಗೆ ಹೇಳದೆ ಅವನು ಬೇಡಿಕೊಂಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು. ಅವನು ಹೋದ ಮೇಲೆ ಅವಳಿಗೆ ಅವನ ಮೇಲೇ ಸಿಟ್ಟು ಬಂತು. ಬಂದಷ್ಟೇ ಬೇಗ ಇಳಿಯಿತು.

ಅವಳಿಗೆ ಅಪ್ಪ ನೆನಪಾದ. ಅಮೆರಿಕಕ್ಕೆ ಬರುವ ಮೊದಲು ಯೆರೆವಾನಿನಲ್ಲಿ ಅಪ್ಪ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ. ಊರಿನ ಯಾವ ಯಂತ್ರದ ಯಾವ ಅಕ್ಷರದ ಕಾಲು ಮುರಿದಿದೆ, ಯಾವುದರದು ಸೊಟ್ಟಗಾಗಿದೆ ಎಂಬುದು ಅವನಿಗೆ ಬಾಯಿಪಾಠ. ಒಂದು ದಿನ ಗುಪ್ತ ಪೊಲೀಸಿನ ಇಬ್ಬರು ಅಂಗಡಿಗೆ ಬಂದು, ಸರ್ಕಾರವನ್ನು ಬೈದು ಯಾರೋ ಟೈಪು ಮಾಡಿ ಹಂಚಿದ್ದ ಒಂದು ಹಾಳೆಯನ್ನು ಅವನ ಮುಂದಿಟ್ಟರು. ಅವರು ಬಾಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಅದಾದ ವಾರಕ್ಕೆ ಇವರದೇ ಕಟ್ಟಡದ ಮೂರನೇ ಮಹಡಿಯ ವಾಹಾನ್ ಮೇಷ್ಟ್ರು ಮನೆಯಲ್ಲಿರಲಿಲ್ಲ. ನಾಲ್ಕು ವರ್ಷ ಬಿಟ್ಟು ಬಂದಾಗ ಅವರಿಗೆ ಹಲ್ಲೇ ಇರಲಿಲ್ಲ.

ಅಮೆರಿಕಕ್ಕೆ ಬಂದ ಮೇಲೆ ಅರಾಕ್ಸಿ ಟೈಪಿಂಗ್ ಕಲಿಯಲು ಯಂತ್ರ ತಂದಳು. ಅದರ ಟಕಟಕ ಸದ್ದು ಕೇಳಿದೊಡನೆ ಅಪ್ಪ ಎದ್ದು ಹಿತ್ತಲಿಗೆ ಹೋಗಿ ಪರ್ಸಿಮನ್ ಮರಕ್ಕೆ ನೀರು ಹಾಕುತ್ತಿದ್ದ. ಮರಕ್ಕೆ ನೀರು ಬೇಕಿರಲಿ, ಬೇಡವಾಗಿರಲಿ. ಒಮ್ಮೆ ಮಾತ್ರ, ಅವಳು ಕೇಳದೆಯೇ, ಪೈಪು ಹಿಡಿದುಕೊಂಡೇ ಹೇಳಿದ್ದ: “ನಾನು ಹೆಸರು ಹೇಳ್ಲಿಲ್ಲ, ಅರಾಕ್ಸಿ ಜಾನ್, ಕಂದಾ. ಯಂತ್ರ ಯಾವುದು ಅಂತ ಕೇಳಿದ್ರು. ಯಂತ್ರ ಯಾವುದು ಅಂತ ಹೇಳ್ದೆ.”

ಅರಾಕ್ಸಿ ಹದಿನೇಳನೇ ಪ್ರತಿಯನ್ನು ಲಕೋಟೆಯಿಂದ ತೆಗೆದು ಚೂರು ಮಾಡುವ ಯಂತ್ರಕ್ಕೆ ಕೊಟ್ಟಳು. ಡ್ರಾಯರಿನಿಂದ ತನ್ನದೇ ಒಂದನೇ ಪ್ರತಿಯನ್ನು ತೆಗೆದು ಅದನ್ನೂ ಕೊಟ್ಟಳು. ಅದರಲ್ಲಿದ್ದದ್ದು ಪೇರಳೆ. ಕೆಂಪು ಚೂರುಗಳು ಬುಟ್ಟಿಯಲ್ಲಿ ಬೆರೆತವು. ಆಮೇಲೆ ಹೊಸ ಹಾಳೆಯ ಮೇಲೆ ಪಟ್ಟಿಯನ್ನು ಮೊದಲಿನಿಂದ ಬರೆದಳು. ಒಂದು, ಹೊರೇಸ್ ಪ್ರೂಯಿಟ್, ಪೇರಳೆ. ಹದಿನೇಳಕ್ಕೆ ಬಂದಾಗ ತನ್ನ ಹೆಸರು ಬರೆದಳು, ಪಕ್ಕದಲ್ಲಿ ಪರ್ಸಿಮನ್; ಒಂದು ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಹಾಗೇ ಬಿಟ್ಟು, ಹಳೆಯ ಪಟ್ಟಿಯನ್ನೂ ಯಂತ್ರಕ್ಕೆ ಕೊಟ್ಟಳು.

ಹನ್ನೆರಡಕ್ಕೆ ಕರ್ಟಿಸನ ಕೋಣೆಯಲ್ಲಿ ಇಬ್ಬರು ವಕೀಲರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

“ಹದಿನೇಳನೇ ಪ್ರತಿ” ಎಂದಳು ಅರಾಕ್ಸಿ. “ನನ್ನದು.”

ಕರ್ಟಿಸ್ ತಮಾಷೆಯೆಂದುಕೊಂಡು ನಕ್ಕ. ಅವಳು ಮುಂದಿಟ್ಟ ಪಟ್ಟಿ ನೋಡಿದ. ನಗು ನಿಂತಿತು.

“ನೀನೇ ಹಣ್ಣು ಹಾಕಿದೋಳು, ನೀನೇ ಸಿಕ್ಕಿಬಿದ್ಯಾ?”

“ಅಮ್ಮ ಕೇಳಿದ್ಲು, ಆರಿನ್ ಏನಾಗ್ತಾನೆ ಅಂತ. ಎಂಬತ್ತೆರಡು ವರ್ಷ ಅವಳಿಗೆ, ಯಾರಿಗೆ ಹೇಳ್ತಾಳೆ ಅಂತ ಹೇಳಿಬಿಟ್ಟೆ. ಅವಳು ಹೋಗಿ ಬ್ರೆಡ್ ಅಂಗಡಿ ಸಾಲಲ್ಲಿ ನಿಂತು ಹೇಳಿದಾಳೆ. ಗ್ಲೆಂಡೇಲಲ್ಲಿ ಆ ಸಾಲಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುತ್ತಾ?”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ನಾಚಿಕೆಯಾಯಿತು. ಐದು ವರ್ಷ ಎಂಟು ಸಂಸ್ಥೆಗಳ ಸುಳ್ಳನ್ನು ತಿದ್ದಿ ತೀಡಿದ್ದು ದಂಡವಾಗಿರಲಿಲ್ಲ.

“ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ” ಎಂದ ಕರ್ಟಿಸ್. ಅವನ ದನಿಯಲ್ಲಿ ನಿಜವಾದ ನೋವಿತ್ತು. “ಈ ಕಟ್ಟಡದಲ್ಲಿ ನಾನು ನಂಬಿದ್ದು ನಿನ್ನೊಬ್ಬಳನ್ನ ರಾಕ್ಸಿ.”

ವಕೀಲರಲ್ಲಿ ಹಿರಿಯನಾದವನು ಕೈ ಒರೆಸಿಕೊಂಡು ಕಾಗದಗಳನ್ನು ಸರಿಸಿದ. ಎಲ್ಲೆಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸುತ್ತಾ ಹೋದ. ಅಷ್ಟರಲ್ಲಿ ಚಾನಲ್‌ನವರ ಫೋನು ಬಂತು. ಕರ್ಟಿಸ್ ಕಿಟಕಿಯ ಕಡೆ ತಿರುಗಿ ಮಾತಾಡಿದ. “ಹೂಂ… ನೋಡಿದೆ, ಏಳು ಪೆಟ್ಟಿಗೆ… ಅದು ಸರಿ, ಬೈದ್ರೂ ಜನ ಅದನ್ನ ನೋಡೋಕೇ ಬರ್ತಾರೆ ಅಂತೀರಾ… ಇಲ್ಲ ಇಲ್ಲ, ನನ್ನದೇನೂ ತಕರಾರಿಲ್ಲ. ಇವತ್ತೇ.” ಅರಾಕ್ಸಿ ಆರನೇ ಸಹಿ ಹಾಕುತ್ತಿದ್ದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವಳಿಗೆ ಆಗ ಇದ್ದದ್ದು ಒಂದೇ ಲೆಕ್ಕ: ಒಂಬತ್ತು ದಿನ, ಒಂದು ಕಂತು.

ಹೊರಡುವಾಗ ಕಾವಲುಗಾರ ಡ್ವೇಯ್ನ್ ಅವಳ ಕೊರಳಿನ ಗುರುತಿನ ಚೀಟಿ ಬಿಚ್ಚಿಸಿಕೊಂಡು, ಪೆಟ್ಟಿಗೆಯನ್ನು ತಾನೇ ಹೊತ್ತು ಗೇಟಿನವರೆಗೆ ಬಂದ. ಅದರಲ್ಲಿದ್ದದ್ದು ಒಂದು ಲೋಟ, ಸ್ವೆಟರು, ಅಮ್ಮನ ಫೋಟೋ, ಬರಹಗಾರರಿಗೆಂದು ಬೆಳಿಗ್ಗೆ ತಂದು ಹಂಚಲು ಮರೆತ ಒಂದು ಚೀಲ ಪರ್ಸಿಮನ್ ಹಣ್ಣು. ನವೆಂಬರ್ ಬಿಸಿಲು ಗುಡ್ಡದ ಮೇಲೆ ಹಿತವಾಗಿತ್ತು. ಅಮ್ಮನಿಗೆ ಏನು ಹೇಳುವುದೆಂಬ ಹೆದರಿಕೆ ಒಳಗಿದ್ದರೂ ಅರಾಕ್ಸಿಗೆ ಮೈ ಹಗುರಾದಂತಿತ್ತು. ಅಪ್ಪನ ಹತ್ತಿರ ಹೇಳಿಕೊಳ್ಳುವಂಥದ್ದನ್ನು ಮಾಡಿದ್ದೇನೆ ಎನ್ನಿಸಿತ್ತು.

“ಬೇಜಾರು ಮಾಡ್ಕೋಬೇಡಿ ಮೇಡಂ. ಪೆಟ್ಟಿಗೆಯಲ್ಲಿ ಏನೇನಿದೆ ಅಂತ ಇದರಲ್ಲಿ ಬರೆದಿದೀನಿ, ಒಂದು ಸಹಿ ಹಾಕಿ” ಎಂದು ಡ್ವೇಯ್ನ್ ಚೀಟಿ, ಪೆನ್ನು ಕೊಟ್ಟ. ಅಷ್ಟರಲ್ಲಿ ಹಿಂದಿನಿಂದ ಕಾರಿನ ಹಾರನ್ನು ಕೇಳಿಸಿ, ಗೇಟಿನ ಅಡ್ಡಗಂಬ ಎತ್ತಲು ಓಡಿದ.

ಹಸಿರು ಕಾರು. ಕರ್ಟಿಸ್ ಮುಂದೆ ನೋಡುತ್ತಾ ಏನೋ ಹೇಳಿ ನಗುತ್ತಿದ್ದ. ಪಕ್ಕದಲ್ಲಿ ಹೊರೇಸ್, ತಲೆ ಬಾಚಿಕೊಂಡು, ನೀಲಿ ಟೈ ಕಟ್ಟಿಕೊಂಡು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಕಣ್ಣು ಅವಳ ಮೇಲೆ ಬಿತ್ತು, ಅಲ್ಲಿಂದ ಕಾಲ ಬಳಿಯ ಪೆಟ್ಟಿಗೆಗೆ, ಅಲ್ಲಿಂದ ಅವಳ ಬರಿಯ ಕೊರಳಿಗೆ. ಕರ್ಟಿಸನ ಮಾತಿಗೆ ತಂದುಕೊಂಡಿದ್ದ ನಗು ಅವನ ಮುಖದಲ್ಲಿ ಹಾಗೇ ಉಳಿದಿತ್ತು. ಅವನು ಗಾಜಿನ ಕಡೆಗೆ ಕೈ ಎತ್ತಿದ, ಅಷ್ಟರಲ್ಲಿ ಕಾರು ಹೊರಟಿತು.

“ಅಜ್ಜನಿಗೆ ಇವತ್ತು ದೊಡ್ಡ ಊಟ” ಎಂದ ಡ್ವೇಯ್ನ್. ಅವನು ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. “ಟೈ ಎಲ್ಲ ಕಟ್ಟಿಬಿಟ್ಟಿದಾರೆ. ಸಹಿ ಆಯ್ತಾ ಮೇಡಂ?”

ಅರಾಕ್ಸಿ ಪೆನ್ನು ಹಿಡಿದುಕೊಂಡೇ ನಿಂತಿದ್ದಳು. ಕಾರು ರಸ್ತೆಯಂಚಿನಲ್ಲಿ ಒಂದು ಗಳಿಗೆ ತಡೆದು, ಎಡಗಡೆಯ ದೀಪ ಮಿಣುಕಿಸಿ, ಎಡಕ್ಕೆ ತಿರುಗಿತು.