ರೊಟ್ಟಿಮನೆಯ ತೊಟ್ಟಿಲು

ತೊಟ್ಟಿಲು ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಅರಗಿನ ಬಣ್ಣ, ಗಿಳಿ, ಗೊಂಬೆ, ಗೆಜ್ಜೆ ಎಲ್ಲ ಬಂದು ನಿಲ್ಲುತ್ತವೆ. ನನ್ನ ಮೈಮೇಲೆ ಅಂಥದ್ದೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಡವಿದ ಮನೆಯೊಂದರ ಬಾಗಿಲ ಕಟ್ಟಿಗೆಯಿಂದ ಹುಟ್ಟಿದ ಬೋಳು ತೊಟ್ಟಿಲು ನಾನು. ಮೌನೇಶ ಬಡಿಗೇರ ಅನ್ನುವ ಮುಂಗೋಪಿ ಮನುಷ್ಯ ಬಾಯಲ್ಲಿ ಮೊಳೆ ಕಚ್ಚಿಕೊಂಡು, ಗೊಣಗುತ್ತಲೇ ನನ್ನನ್ನು ಜೋಡಿಸಿದ. ಗೊಣಗಿದನೇ ಹೊರತು ಕೆಲಸದಲ್ಲಿ ಮೋಸ ಮಾಡಲಿಲ್ಲ. ಕೂಸಿನ ಬೆರಳಿಗೆ ಸಿಬಿರು ಚುಚ್ಚಬಾರದು ಅಂತ ನನ್ನ ಒಳಮೈಯನ್ನು ಮತ್ತೆ ಮತ್ತೆ ಉಜ್ಜಿದ. ಗಟ್ಟಿ ಕಟ್ಟಿಗೆ, ಮೊಮ್ಮಕ್ಕಳ ಕಾಲಕ್ಕೂ ಇರ್ತದ ಅಂತ ಹೇಳಿ ಕಳಿಸಿದ.

ನನ್ನನ್ನು ಮಾಡಿಸಿದ್ದು ದಾನಮ್ಮನ ತವರಿನವರು. ಚೊಚ್ಚಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟರೆ ಕೂಸಿನ ಜೊತೆ ತೊಟ್ಟಿಲೂ ಹೋಗಬೇಕು, ಅದು ನಮ್ಮ ಕಡೆಯ ಪದ್ಧತಿ. ಹಾಗೆ ಟ್ರ್ಯಾಕ್ಟರಿನಲ್ಲಿ ಕುಲುಕಾಡುತ್ತ ಮಲಪ್ರಭೆಯ ದಂಡೆಯ ಈ ಊರಿಗೆ ಬಂದೆ. ದಾನಮ್ಮನ ಇಬ್ಬರು ಮಕ್ಕಳು ನನ್ನೊಳಗೆ ಮಲಗಿ, ಒದ್ದು, ಉಚ್ಚೆ ಹೊಯ್ದು ದೊಡ್ಡವರಾದರು. ತೊಟ್ಟಿಲಿಗೆ ಮನುಷ್ಯರ ಮುಖ ಕಾಣುವುದು ಕೆಳಗಿನಿಂದ, ಗದ್ದ ಮೊದಲು, ಆಮೇಲೆ ಮೂಗಿನ ಹೊಳ್ಳೆ, ಕಟ್ಟಕಡೆಗೆ ಕಣ್ಣು. ದಾನಮ್ಮನ ಗದ್ದ ಹಟಮಾರಿ ಗದ್ದ. ಮಕ್ಕಳು ಓಡಾಡತೊಡಗಿದ ಮೇಲೆ ನನ್ನನ್ನು ಅಟ್ಟಕ್ಕೆ ಹಾಕಿದರು. ಅಲ್ಲಿ ಇಲಿಗಳ ಸಂಸಾರ ನೋಡಿಕೊಂಡು ಬಿದ್ದಿದ್ದೆ.

ಗಂಡ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ದಾನಮ್ಮ ಒಲೆ ಹೂಡಿ ರೊಟ್ಟಿ ಬಡಿಯಲು ಕೂತಳು. ಜೋಳದ ಖಡಕ್ ರೊಟ್ಟಿ. ಪಟ್ಟಣದ ಖಾನಾವಳಿಯವರು ತಿಂದು ನೋಡಿದರು, ದಿನಾ ಕಳಿಸು ಅಂದರು. ಒಬ್ಬಳ ಕೈಯಲ್ಲಿ ಆಗುವ ಕೆಲಸವೇ ಅದು? ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಬಂದವರೆಲ್ಲ ಕಂಕುಳಲ್ಲಿ ಒಂದೊಂದು ಕೂಸು ತಂದರು. ಉರಿಯುವ ಒಲೆ, ಕಾದ ಹಂಚು, ಹಾರುವ ಹಿಟ್ಟು, ನಡುವೆ ಅಂಬೆಗಾಲಿಡುವ ಮಕ್ಕಳು. ಆಗಬಾರದ್ದು ಆಗಿಯೇ ಹೋಯಿತು. ಒಂದು ಹುಡುಗಿ ಹಂಚಿನ ಮೇಲೆ ಅಂಗೈ ಊರಿಬಿಟ್ಟಳು. ಅವಳ ಚೀರಾಟ ಅಟ್ಟದ ಮೇಲೆ ನನಗೂ ಕೇಳಿಸಿತು.

ಆವತ್ತೇ ದಾನಮ್ಮ ಹಟ ಹಿಡಿದಳು. ಹಿತ್ತಲ ಕಡೆಯ ಖೋಲಿಯನ್ನು ಸಾರಿಸಿ, ನನ್ನನ್ನು ಕೆಳಗಿಳಿಸಿ, ಬಿಸಿನೀರಲ್ಲಿ ತಿಕ್ಕಿ ತೊಲೆಗೆ ತೂಗುಹಾಕಿದಳು. ಮಕ್ಕಳನ್ನು ನೋಡಿಕೊಳ್ಳಲು ನೀಲವ್ವನನ್ನು ಕರೆದಳು. ನೀಲವ್ವ ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕೊಯ್ದ ಮುದುಕಿ, ಎಲ್ಲರೂ ಅವಳನ್ನು ಆಯಿ ಅಂತಲೇ ಕರೆಯುತ್ತಿದ್ದರು. ರೊಟ್ಟಿಯಲ್ಲಿ ಅವಳಿಗೂ ಒಂದು ಪಾಲು ಇಟ್ಟರು. ಸುಳ್ಳು ಯಾಕೆ ಹೇಳಲಿ, ಅದು ನನ್ನ ಬಾಳಿನ ಒಳ್ಳೆಯ ಕಾಲ. ಗೋಡೆಯ ಆಚೆ ರೊಟ್ಟಿ ಬಡಿಯುವ ಪಟಪಟ ಸದ್ದು, ಈಚೆ ಮಕ್ಕಳ ಗದ್ದಲ. ಹಾಲು ಕುಡಿಸಲು ಎದ್ದು ಬರುವ ತಾಯಂದಿರು ಐದು ನಿಮಿಷ ಕಾಲು ಚಾಚಿ ಕೂತು, ಅತ್ತೆಯರನ್ನು ಬೈದು, ಹಗುರಾಗಿ ಹೋಗುತ್ತಿದ್ದರು.

ಆ ಖೋಲಿಯ ಗೂಡಿನಲ್ಲಿ ಒಂದು ಸಾಣೆಕಲ್ಲು ಇತ್ತು. ಹೊಟ್ಟೆನೋವಿಗೆ ಬಜೆ, ನಿದ್ದೆಗೆ ಜಾಜಿಕಾಯಿ. ಕಲ್ಲಿನ ಮೇಲೆ ಒಂದು ಸುತ್ತು ತೇದು, ತಾಯಿಹಾಲಲ್ಲೋ ನೀರಲ್ಲೋ ಕಲಸಿ ಕೂಸಿನ ನಾಲಿಗೆಗೆ ಸವರುವುದು. ಅಜ್ಜಿಯರಿಂದ ಬಂದ ಮದ್ದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅತ್ತ ಕೂಸಿಗೆ ಹತ್ತಿರ ಇದ್ದವರು ತೇದು ಕೊಡುವುದು, ಅಷ್ಟೆ. ಕೊಟ್ಟೆ ಅಂತ ಇನ್ನೊಬ್ಬರಿಗೆ ಹೇಳುವ ರೂಢಿಯೂ ಇರಲಿಲ್ಲ. ನೀರು ಕುಡಿಸಿದ್ದನ್ನು ಯಾರಾದರೂ ಹೇಳುತ್ತ ತಿರುಗುತ್ತಾರೆಯೇ?

ಕಸ್ತೂರಿ ಅನ್ನುವ ಸಣ್ಣ ವಯಸ್ಸಿನವಳು ಸೇರಿಕೊಂಡಳು. ಅವಳ ರೊಟ್ಟಿ ಹಪ್ಪಳದಷ್ಟು ತೆಳು. ಅವಳ ಹೆಣ್ಣು ಕೂಸು ಚಂಪಾ, ಇನ್ನೂ ಕವುಚಿ ಬೀಳಲು ಕಲಿಯುತ್ತಿದ್ದಳು. ಖೋಲಿಯಲ್ಲಿ ಎಲ್ಲರಿಗಿಂತ ಚಿಕ್ಕವಳು ಅಂತ ನಾನು ಅವಳಿಗೇ ಮೀಸಲಾದೆ. ನಿದ್ದೆ ಕಡಿಮೆ, ಹಟ ಜಾಸ್ತಿ. ಬಹಳ ಕೂಸುಗಳನ್ನು ಕಂಡವನು ನಾನು, ಆದರೂ ಇವಳ ಮೇಲೆ ಜೀವ ಇತ್ತು.

ಮದುವೆಯ ಹಂಗಾಮಿನಲ್ಲಿ ಹುಬ್ಬಳ್ಳಿಯ ದೊಡ್ಡ ಮನೆಯೊಂದರಿಂದ ರೊಟ್ಟಿ ಬೇಕು ಅಂತ ಕೇಳಿಕೆ ಬಂತು. ಅಷ್ಟು ರೊಟ್ಟಿಯನ್ನು ಅವರು ಹಿಂದೆಂದೂ ಬಡಿದಿರಲಿಲ್ಲ. ಸಂಜೆಗೆ ಟೆಂಪೊ ಬರುವುದು. ಹೆಸರು ಉಳಿದರೆ ಮುಂದೆ ಊರೂರಿನಿಂದ ಕರೆ ಬರುತ್ತದೆ ಅಂತ ದಾನಮ್ಮ ಹೇಳಿದ್ದಳು. ಯಾರೂ ಒಲೆ ಬಿಟ್ಟು ಏಳಬಾರದು ಅಂತ ಎಲ್ಲರೂ ಒಪ್ಪಿಕೊಂಡಿದ್ದರು.

ಬೆಳಿಗ್ಗೆ ಕಸ್ತೂರಿ ಚಂಪಾಳನ್ನು ನನ್ನೊಳಗೆ ಮಲಗಿಸಿದಾಗಲೇ ಕೂಸಿನ ಬಾಯಿಂದ ಜಾಜಿಕಾಯಿಯ ವಾಸನೆ ಬರುತ್ತಿತ್ತು. ಮನೆಯಿಂದಲೇ ಕುಡಿಸಿ ತಂದಿದ್ದಳು. ಬಿಸಿಲು ಏರುವ ಹೊತ್ತಿಗೆ ಚಂಪಾ ಎದ್ದು ಕಿರಿಕಿರಿ ಮಾಡಿದಳು. ನೀಲವ್ವ ಕಲ್ಲು ತೆಗೆದು ಜಾಜಿಕಾಯಿ ತೇದು ನಾಲಿಗೆಗೆ ಸವರಿದಳು. ಮಧ್ಯಾಹ್ನ ಒಬ್ಬ ಪೋರ ಹಿತ್ತಲ ಬಾಗಿಲು ದಾಟಿ ಓಡಿದ, ನೀಲವ್ವ ಅವನ ಬೆನ್ನು ಹತ್ತಿ ಹೋದಳು. ಆಗ ನೀರಿಗೆ ಬಂದ ದಾನಮ್ಮನಿಗೆ ನನ್ನೊಳಗಿನ ಸಣ್ಣ ನರಳಿಕೆ ಕೇಳಿಸಿತು. ತಾಯಿ ಎದ್ದು ಬಂದರೆ ಒಂದು ಒಲೆ ನಿಲ್ಲುತ್ತದೆ. ಅವಸರದಲ್ಲಿ ಅವಳು ಸುತ್ತಿನ ಲೆಕ್ಕ ಇಡದೆ ತೇದಳು.

ನಾನು ಮೂವರ ಕೈಯನ್ನೂ ಕಂಡೆ. ಅವರಲ್ಲಿ ಯಾರೂ ಇನ್ನೊಬ್ಬರ ಕೈಯನ್ನು ಕಾಣಲಿಲ್ಲ. ಕಟ್ಟಿಗೆಗೆ ಬಾಯಿಲ್ಲ ಅನ್ನುವುದು ಆವತ್ತು ನನಗೆ ಚುಚ್ಚಿದಷ್ಟು ಯಾವತ್ತೂ ಚುಚ್ಚಿಲ್ಲ. ಹಗ್ಗ ಕಿರುಗುಟ್ಟಿಸಿ ಕರೆಯೋಣ ಅಂದರೆ, ತೊಟ್ಟಿಲು ತೂಗಲು ಒಳಗಿನ ಕೂಸಾದರೂ ಅಲುಗಬೇಕು. ಚಂಪಾ ಅಲುಗಲಿಲ್ಲ.

"ಇವತ್ತ ಭಾಳ ಶಾಣ್ಯಾ ಆಗ್ಯಾಳ ನಿನ್ನ ಮಗಳು," ಅಂತ ನೀಲವ್ವ ಗೋಡೆಯಾಚೆಗೆ ಕೇಳುವಂತೆ ಕಸ್ತೂರಿಗೆ ಹೇಳಿದಳು. ಅತ್ತಲಿಂದ ಕಸ್ತೂರಿಯ ನಗು ಬಂತು, ರೊಟ್ಟಿಯ ಸದ್ದು ನಿಲ್ಲಲಿಲ್ಲ.

ಸಂಜೆ ಕೊನೆಯ ಪೆಟ್ಟಿಗೆ ಕಟ್ಟಿ ಕಸ್ತೂರಿ ಕೈ ತೊಳೆದು ಬಂದಳು. ಹಾಲು ತುಂಬಿ ಕುಪ್ಪಸ ಒದ್ದೆಯಾಗಿತ್ತು. ಎತ್ತಿಕೊಂಡಳು. ಕೂಸಿನ ಕತ್ತು ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದು ಅದೇ ಟೆಂಪೊ, ರೊಟ್ಟಿಯ ಪೆಟ್ಟಿಗೆಗಳ ನಡುವೆಯೇ ತಾಯಿ ಮಗಳನ್ನು ಹಿಡಿದು ಕೂತಳು, ದಾನಮ್ಮನೂ ಹತ್ತಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ರೊಟ್ಟಿ ಮದುವೆಮನೆಗೆ ಹೋಯಿತು, ಕೂಸು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ತಿರುಗಿ ಬಂತು.

ಯಾಕೆ ಹೀಗಾಯಿತು ಅಂತ ಊರು ಕೇಳಿತು. ಯಾರೋ ನನ್ನ ಹುಟ್ಟನ್ನು ಕೆದಕಿದರು. ಕೆಡವಿದ ಮನೆಯ ಬಾಗಿಲು, ಆ ಮನೆಯವರ ಶಾಪ ಅದರೊಳಗೆ ಐತಿ ಅಂದರು. ದಾನಮ್ಮ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅವಳದೇ ಇಬ್ಬರು ಮಕ್ಕಳು ನನ್ನೊಳಗೆ ಬೆಳೆದದ್ದು ಯಾರಿಗೂ ನೆನಪಾಗಲಿಲ್ಲ. ಹಗ್ಗ ಕೊಯ್ದು ನನ್ನನ್ನು ಹಿತ್ತಲಿನ ಜೋಳದ ಕಣಿಕೆ ಚಪ್ಪರದ ಕೆಳಗೆ ಒಗೆದರು. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಆದರೆ ಸಿಟ್ಟು ನನ್ನನ್ನು ಒಗೆದದ್ದಕ್ಕಲ್ಲ. ತಪ್ಪನ್ನು ನನ್ನ ತಲೆಗೆ ಕಟ್ಟಿ ಕಲ್ಲನ್ನು ಮಾತ್ರ ಗೂಡಿನಲ್ಲೇ ಬಿಟ್ಟರಲ್ಲ, ಅದಕ್ಕೆ.

ಮಕ್ಕಳನ್ನು ಕಳಿಸಲು ಯಾರೂ ಒಪ್ಪಲಿಲ್ಲ. ಖೋಲಿಗೆ ಕೀಲಿ ಬಿತ್ತು. ಹೆಂಗಸರು ಮತ್ತೆ ಹೊಲದ ಕಸ ತೆಗೆಯುವ ಕೂಲಿಗೆ ಹೋದರು, ಜಾಲಿಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಕೂಸುಗಳನ್ನು ಹಾಕಿದರು. ಖಾನಾವಳಿಯವರು ಬೇರೆ ಊರಿನ ರೊಟ್ಟಿ ಹಿಡಿದರು. ದಾನಮ್ಮ ಒಬ್ಬಳೇ ಒಂದು ಒಲೆ ಉರಿಸುತ್ತ ಉಳಿದಳು.

ಮಳೆಗಾಲ ಕಳೆದ ಮೇಲೆ ಅವಳು ಮತ್ತೆ ಮನೆಮನೆಗೆ ತಿರುಗಿದಳು. ಕೂಸಿನ ಖೋಲಿಯಲ್ಲಿ ಯಾರಿರ್ತಾರ ಅಂತ ಎಲ್ಲರೂ ಕೇಳಿದರು. ನಾನು ಇರ್ತೀನಿ ಅಂತ ಎದ್ದು ಬಂದವಳು ಕಸ್ತೂರಿ. ಯಾರಿಗೂ ಎದುರಾಡಲು ಆಗಲಿಲ್ಲ. ಖೋಲಿ ತೆರೆಯಿತು. ನನ್ನ ಜಾಗದಲ್ಲಿ ಕಬ್ಬಿಣದ ಹೊಸ ತೊಟ್ಟಿಲು ಬಂತು. ನೀಲವ್ವ ಒಳಗೆ ಬರಲು ಧೈರ್ಯವಿಲ್ಲದೆ ಹೊಸ್ತಿಲ ಹೊರಗೆ ಕೂತಿರುತ್ತಿದ್ದಳು. ನಾನು ಬಿದ್ದಿರುವುದು ಕಿಟಕಿಯ ಕೆಳಗೇ, ಆದ್ದರಿಂದ ಎಲ್ಲ ಕೇಳಿಸುತ್ತದೆ.

ಒಂದು ದಿನ ಹೊಸ ಕೂಸೊಂದು ಬಿಟ್ಟೂಬಿಡದೆ ಅತ್ತಿತು. ದಾನಮ್ಮ ಒಳಗೆ ಬಂದಳು. ಗೂಡಿನಿಂದ ಕಲ್ಲು ತೆಗೆದ ಸದ್ದಾಯಿತು.

"ಅದನ್ನ ಇಡಕ್ಕಾ," ಅಂದಳು ಕಸ್ತೂರಿ.

"ಒಂದೀಟ ಮಲಗಲಿ ಅಂತವ್ವಾ, ಬ್ಯಾರೆ ಏನಿಲ್ಲ."

"ಚಂಪಾಗೂ ತೇದಿದ್ದೇನು ಅವತ್ತ?"

ದಾನಮ್ಮ ಕಲ್ಲನ್ನು ಕೆಳಗಿಟ್ಟ ಸದ್ದಾಯಿತು. "ತೇದಿದ್ದೆ. ಮಧ್ಯಾಹ್ನ. ಒಲಿ ಬಿಟ್ಟು ನಿನ್ನ ಯಾಕ ಎಬ್ಬಸೂದು ಅಂತ."

ಹೊಸ್ತಿಲ ಹೊರಗಿನಿಂದ ನೀಲವ್ವ ಅಂದಳು, "ಅದಕಿಂತ ಮೊದಲ ನಾ ತೇದಿದ್ನೆವ್ವಾ. ಹೇಳಬೇಕಂತ ತಿಳೀಲಿಲ್ಲ ನನಗ."

"ಮನ್ಯಾಗ ನಾನೂ ಕುಡಿಸಿದ್ದೆ, ಆಯಿ," ಅಂದಳು ಕಸ್ತೂರಿ. "ಎಲ್ಲಾರಕಿಂತ ಮೊದಲ."

ಕೂಸು ಗಂಟಲು ಹರಿಯುವಂತೆ ಅಳುತ್ತಲೇ ಇತ್ತು. ದಾನಮ್ಮ ಅಭ್ಯಾಸದಿಂದ ತೊಟ್ಟಿಲಿನ ಕಡೆ ಹೆಜ್ಜೆ ಇಟ್ಟಳೇನೋ, ಕಸ್ತೂರಿ ತಡೆದಳು.

"ಅಳಲಿ ಬಿಡಕ್ಕಾ. ಅಳಾಕತ್ತೈತಿ ಅಂದ್ರ ಜೀವ ಐತಿ ಅಂತಾತು. ಹೋಗು, ಅದರ ಅವ್ವನ್ನ ಕಳಸು. ರೊಟ್ಟಿ ಕಡಿಮಿ ಆದ್ರ ಆಗಲಿ."

ಸಾಣೆಕಲ್ಲು ಹಿತ್ತಲಿಗೆ ಬಂತು, ಈಗ ನನ್ನ ಪಕ್ಕದಲ್ಲೇ ಬಿದ್ದಿದೆ. ನಾವಿಬ್ಬರೂ ಮಾತಾಡುವುದಿಲ್ಲ. ರೊಟ್ಟಿ ನಿಜಕ್ಕೂ ಕಡಿಮೆಯಾದವು. ಕೂಸು ಅತ್ತರೆ ತಾಯಿ ಏಳುತ್ತಾಳೆ, ಕಲಸಿದ ಹಿಟ್ಟು ಒಣಗುತ್ತದೆ, ಅಂಚು ಬಿರಿಯುತ್ತದೆ. ದಾನಮ್ಮ ಅದನ್ನು ಯಾರಿಗೂ ಆಡಿ ತೋರಿಸುವುದಿಲ್ಲ. ನನ್ನದು ತಪ್ಪಲ್ಲ ಅಂತ ಮೂವರಿಗೂ ಗೊತ್ತಾಯಿತು, ಆದರೂ ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ. ಗೆದ್ದಲು ಒಂದು ಮಗ್ಗುಲನ್ನು ತಿಂದು ಮುಗಿಸಿದೆ. ಕರೆಯದಿದ್ದದ್ದೇ ಸರಿ ಅಂತ ನನಗೂ ಅನ್ನಿಸುತ್ತದೆ. ನನ್ನನ್ನು ನೋಡಿದರೆ ಕಸ್ತೂರಿಗೆ ಏನು ಕಂಡೀತು ಅಂತ ನನಗೆ ಗೊತ್ತಿಲ್ಲವೇ?

ಅವಳು ಆಗಾಗ ಒಲೆಯ ಉರಿಗೆ ಕುಳ್ಳು ತೆಗೆದುಕೊಳ್ಳಲು ಹಿತ್ತಲಿಗೆ ಬರುತ್ತಾಳೆ. ಒಳಗೆ ಕೂಸು ಅತ್ತರೆ ಅವಸರ ಮಾಡುವುದಿಲ್ಲ, ಬುಟ್ಟಿ ತುಂಬಿಕೊಂಡು ನಡೆದು ಹೋಗುತ್ತಾಳೆ. ಅಳು ನಿಂತರೆ ಬುಟ್ಟಿ ಬಿಸಾಡಿ ಓಡುತ್ತಾಳೆ.